ಸಾಸಲಿನ ಬೆಳಗು, ಹಾದಿಯ ಆಪತ್ತು

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಸಾಸಲು ಒಂದು. ಘಾಟಿ ಸುಬ್ರಹ್ಮಣ್ಯನ ದರ್ಶನಕ್ಕೆ ಹೋಗಿಬರುವ ಯಾತ್ರಿಕರಿಗೆ ತೂಬಗೆರೆಯ ಸೀಮೆ ಪರಿಚಿತವೇ. ಸಾಸಲಿನ ಕಡೆಗೆ ತಿರುಗುವವರು ಮಾತ್ರ ಕಡಮೆ. ತಾಲ್ಲೂಕಿನ ವಾಯವ್ಯದ ಅಂಚಿನಲ್ಲಿರುವ ಈ ಸೀಮೆಗೆ ಒಂದು ಮಗ್ಗುಲಲ್ಲಿ ಗೌರಿಬಿದನೂರು, ಇನ್ನೊಂದು ಮಗ್ಗುಲಲ್ಲಿ ಕೊರಟಗೆರೆ. ಮಳೆಯನ್ನೇ ನಂಬಿದ ರಾಗಿಯ ಹೊಲಗಳು, ಕುರುಚಲು ಬೆಳೆದ ಗುಡ್ಡಗಳು, ಅಲ್ಲಲ್ಲಿ ನೀಲಗಿರಿಯ ತೋಪು, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆ ಬಾವಿ: ಬಯಲುಸೀಮೆಯನ್ನು ಬಲ್ಲ ವಾಚಕರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಾಗಲಾರದು.

ಇಂತಹ ಊರುಗಳ ಬೆಳಗು ಹಾಲಿನಿಂದ ಆರಂಭವಾಗುತ್ತದೆ. ಕತ್ತಲೆ ಪೂರ್ತಿ ಹರಿಯುವ ಮೊದಲೇ ಕೈಯಲ್ಲಿ ಸ್ಟೀಲಿನ ಕ್ಯಾನು ಹಿಡಿದ ಹೆಂಗಸರು, ಮೊಪೆಡ್ಡಿನ ಎರಡು ಕಡೆಗೂ ಕ್ಯಾನು ತೂಗುಹಾಕಿಕೊಂಡ ಗಂಡಸರು ಡೈರಿಯ ಮುಂದೆ ನೆರೆಯುತ್ತಾರೆ. ಅದರ ಬೆನ್ನಿಗೇ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ ಆಳುಗಳನ್ನು ಒಯ್ಯುವ ವಾಹನಗಳು, ತರಕಾರಿಯ ಟೆಂಪೋಗಳು. ಈ ನಡುವೆ ವಾಯುವಿಹಾರಕ್ಕೆ ಹೊರಟ ಒಬ್ಬಿಬ್ಬರೂ ಉಂಟು: ಪಿಂಚಣಿ ಪಡೆವ ಮೇಷ್ಟರು, ಸಕ್ಕರೆ ಕಾಯಿಲೆಗೆ ನಡೆಯಲೇಬೇಕೆಂದು ಡಾಕ್ಟರಿಂದ ಹೇಳಿಸಿಕೊಂಡ ಅಂಗಡಿಯವರು. ಜೀವಮಾನವೆಲ್ಲ ಎತ್ತಿನ ಹಿಂದೆ ನಡೆದ ರೈತನಿಗೆ, ಎಲ್ಲಿಗೂ ಹೋಗದೆ ನಡೆದು ಬರುವ ಈ ವ್ರತ ಇಂದಿಗೂ ಸ್ವಲ್ಪ ನಗೆಯ ವಿಷಯವೇ.

ಇಂತಹ ಒಂದು ಬೆಳಗಿನಲ್ಲಿ, ತಿರುವಿನ ಬಳಿ, ಹಾಲಿನ ಮೊಪೆಡ್ಡಿನವನೊಬ್ಬ ಗೂಡ್ಸ್ ಗಾಡಿಗೆ ತಗುಲಿ ಬಿದ್ದನೆನ್ನಿ. ಕ್ಯಾನು ಉರುಳಿ ಹಾಲು ಚೆಲ್ಲಿದೆ. ಅದರೊಳಗೆ ಕೆಂಪು ಬೆರೆಯುತ್ತಿದೆ. ಮೊದಲು ಕಂಡವರು ಆ ವಾಯುವಿಹಾರದ ಮೇಷ್ಟರೇ. ನಿಮಿಷ ಕಳೆಯುವುದರೊಳಗೆ ಇಪ್ಪತ್ತು ಮಂದಿ ಸುತ್ತುಗಟ್ಟುತ್ತಾರೆ. ಒಬ್ಬರು ಬಾಯಿಗೆ ನೀರು ಬಿಡಲು ಚೊಂಬು ತರುತ್ತಾರೆ. ಇನ್ನೊಬ್ಬರು ಹೆಗಲು ಹಿಡಿದು ಎಬ್ಬಿಸಿ ಕೂರಿಸಲು ಹವಣಿಸುತ್ತಾರೆ. ಹಿಂದಿನಿಂದ ಯಾರದೋ ದನಿ: “ಮುಟ್ಬ್ಯಾಡ್ರಪ್ಪೋ, ಪೊಲೀಸ್ನೋರು ಬರ್ಲಿ!”

ಈ ಮೂರರಲ್ಲಿ ಅತ್ಯಂತ ಅಪಾಯಕರವಾದುದು ಯಾವುದೆಂದು ಹೇಳುವುದು ಕಷ್ಟ. ಎಚ್ಚರ ತಪ್ಪಿದವನ ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಕತ್ತಿಗೆ ಪೆಟ್ಟಾದವನನ್ನು ಎತ್ತಿ ಕೂರಿಸಿದರೆ ಬೆನ್ನುಹುರಿಗೇ ಕೇಡು. ಮೂರನೆಯ ಮಾತು ಕೈಯನ್ನೇ ಕಟ್ಟಿಹಾಕುವಂಥದು. ಆದರೆ ಅದನ್ನು ನಿರ್ದಯೆಯೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಸಾಕ್ಷಿಗೆಂದು ಕೋರ್ಟಿಗೆ ಅಲೆದು ದಿನಗೂಲಿ ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲಿಯೂ ಒಂದಾದರೂ ಇದ್ದೇ ಇರುತ್ತದೆ.

ಈ ಭಯದ ಬೆಲೆ ಎಷ್ಟೆಂಬುದು ನಾಡಿಗೆಲ್ಲ ತಿಳಿದುದು ಇದೇ ಜಿಲ್ಲೆಯ ನೆಲಮಂಗಲದ ಬಳಿ. 2016ರ ಫೆಬ್ರವರಿ 16ರ ಬೆಳಗ್ಗೆ, ಗುಬ್ಬಿಯ ಕಡೆಯಿಂದ ಬೆಂಗಳೂರಿಗೆ ಬೈಕಿನಲ್ಲಿ ಹೊರಟಿದ್ದ ಹರೀಶ್ ನಂಜಪ್ಪ ಎಂಬ ತರುಣ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ. ದೇಹ ಎರಡು ತುಂಡಾಗಿದ್ದರೂ ಪ್ರಜ್ಞೆ ಉಳಿದಿತ್ತು. ಸುತ್ತ ನಿಂತವರಲ್ಲಿ ಸಹಾಯಕ್ಕಾಗಿ ಅಂಗಲಾಚಿದ. ತನ್ನ ಅಂಗಗಳನ್ನು ದಾನ ಮಾಡಬೇಕೆಂದು ಕೇಳಿಕೊಂಡ. ಆಂಬುಲೆನ್ಸು ಬಂದಿತಾದರೂ ಜೀವ ಉಳಿಯಲಿಲ್ಲ. ಅವನ ಕಣ್ಣುಗಳು ದಾನವಾದುವು. ಮರುತಿಂಗಳು ರಾಜ್ಯ ಸರ್ಕಾರವು ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ಯೋಜನೆಯನ್ನು ಆರಂಭಿಸಿ, ಅದಕ್ಕೆ ಹರೀಶನ ಹೆಸರನ್ನೇ ಇಟ್ಟಿತು. ಆದರೂ ವರ್ಷ ತುಂಬುವ ಮೊದಲೇ, 2017ರ ಫೆಬ್ರವರಿಯಲ್ಲಿ, ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರನೊಬ್ಬ ರಸ್ತೆಯಲ್ಲಿ ರಕ್ತ ಸುರಿಸುತ್ತ ಬಿದ್ದಿರಲು, ನೋಡಿದವರು ಮೊಬೈಲಿನಲ್ಲಿ ಚಿತ್ರ ತೆಗೆದರು.

ಕಾನೂನು ಈಚೆಗೆ ಬಹಳ ದೂರ ಬಂದಿದೆ. ಗಾಯಾಳುವಿನ ಪ್ರಾಣ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ, ಪೊಲೀಸರ ವಿಧಿಗಳು ಅನಂತರ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿಯೇ ಹೇಳಿತ್ತು. ನೆರವಿಗೆ ಬಂದವರನ್ನು ಕಾಪಾಡಲು ಕರ್ನಾಟಕ 2016ರಲ್ಲಿ ರೂಪಿಸಿದ ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಯೊಳಗೂ ಇಂಥ ರಕ್ಷಣೆ ಸೇರಿತು: ಸದ್ಭಾವನೆಯಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ. ಪೆಟ್ಟಾದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ಯೆಂದು ಅದೇ ಕಾಯಿದೆ ಗುರುತಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯ ಪ್ರಕಾರ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಗೆ ಗಾಯಾಳು ಕೈಯಿಂದ ಹಣ ಕೊಡಬೇಕಾಗಿಲ್ಲ. ಇವನ್ನೆಲ್ಲ ಹಾಲಿನ ಡೈರಿಯ ಗೋಡೆಯ ಮೇಲೆ ಸಣ್ಣ ಫಲಕದಲ್ಲಿ ಬರೆದು ತೂಗುಹಾಕಬೇಕೆಂದು ಯಾರಿಗೂ ತೋಚದಿರುವುದೇ ಸೋಜಿಗ. ಊರಿನವರು ದಿನಕ್ಕೆ ಎರಡು ಬಾರಿ ಸಾಲುಗಟ್ಟಿ ನಿಲ್ಲುವ ಸ್ಥಳ ಬೇರೆ ಯಾವುದಿದೆ?

ಮೇಷ್ಟರು ಈಗ ಮಾಡಬೇಕಾದುದು ಅಲ್ಪವೇ. ಬರುವ ವಾಹನಗಳನ್ನು ತಡೆಯಲು ತಿರುವಿನ ಎರಡು ಕಡೆಗೂ ಒಬ್ಬೊಬ್ಬರನ್ನು ನಿಲ್ಲಿಸುವುದು. ಹೆಗಲ ಮೇಲಿನ ಶುಭ್ರವಾದ ಟವಲನ್ನು ಮಡಿಸಿ, ರಕ್ತ ಬರುವಲ್ಲಿ ಒತ್ತಿ ಹಿಡಿದು, ನೋಡುವ ಆಸೆಗೆ ಪದೇ ಪದೇ ತೆಗೆಯದಿರುವುದು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಕೀಳದಿರುವುದು. ಬಿದ್ದವನಿಗೆ ಮೂರ್ಛೆ ಬಂದು ಕೈಕಾಲು ಸೆಟೆದುಕೊಂಡರೆ, ನಮ್ಮ ಸೀಮೆಯಲ್ಲಿ ಬೀಗದ ಕೈ ಹುಡುಕುವ ಗಡಿಬಿಡಿ ಏಳುವುದುಂಟು. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುವುದಿಲ್ಲ. ಅದು ತಾನಾಗಿಯೇ ಇಳಿಯುವ ಹೊತ್ತಿಗೆ ಕೀರ್ತಿ ಬೀಗದ ಕೈಗೆ ಸಲ್ಲುತ್ತದೆ, ಅಷ್ಟೆ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಬಾಯಿಗೆ ಏನನ್ನೂ ತುರುಕದೆ, ಸೆಟೆತ ನಿಂತ ಮೇಲೆ ಕುತ್ತಿಗೆ ತಿರುಚದಂತೆ ಮಗ್ಗುಲಿಗೆ ಹೊರಳಿಸಬೇಕು.

ಇನ್ನು 108. ರಾಜ್ಯದಲ್ಲಿ ಈ ಆಂಬುಲೆನ್ಸು ಸೇವೆ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಆರಂಭವಾಯಿತು. ಕರೆ ಮಾಡುವುದು ಸುಲಭ. ಸ್ಥಳ ತಿಳಿಸುವುದರಲ್ಲಿಯೇ ತೊಡಕು. “ಸಾಸಲು” ಎಂದಷ್ಟೇ ಹೇಳಿದರೆ ಸಾಲದು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೂ ಒಂದು ಸಾಸಲು ಉಂಟು. ಜಿಲ್ಲೆ, ತಾಲ್ಲೂಕು, ಹೋಬಳಿ, ಕಣ್ಣಿಗೆ ಬೀಳುವ ಗುರುತು, ಇವನ್ನು ಅದೇ ಕ್ರಮದಲ್ಲಿ ಹೇಳಬೇಕು. ಗುಡ್ಡದ ಹಿಂದೆ ಫೋನಿನ ಸಂಕೇತ ಕೈಕೊಟ್ಟರೆ, ದಿಬ್ಬ ಹತ್ತಿ ಮಾತಾಡಲು ಒಬ್ಬ ಹುಡುಗನನ್ನು ಓಡಿಸಬೇಕು. ಮೂರು ಜಿಲ್ಲೆಗಳು ಕೂಡುವ ಈ ಅಂಚಿನಲ್ಲಿ ಗಾಯಾಳುವನ್ನು ಯಾವ ಊರಿಗೆ ಒಯ್ಯಬೇಕೆಂಬ ಚರ್ಚೆಯೂ ಏಳುತ್ತದೆ; ಆದರೆ ಗಡಿಗೆರೆ ಕಂದಾಯ ಇಲಾಖೆಗೆ ಸೇರಿದ್ದು, ರಕ್ತಸ್ರಾವಕ್ಕೆ ಅದರ ಪರಿವೆಯಿಲ್ಲ.

ವಾಹನ ಬರುತ್ತದೆ, ಸ್ಟ್ರೆಚರ್ ಇಳಿಯುತ್ತದೆ. ಜೊತೆಗೆ ಯಾರು ಹೋಗುವವರೆಂಬ ಪ್ರಶ್ನೆಗೆ ಅರೆಕ್ಷಣ ಮೌನ. ಬಳಿಕ, ರಕ್ತವಾದ ಟವಲು ಕೈಯಲ್ಲಿಯೇ ಇರಲು, ಮೇಷ್ಟರು ಹತ್ತಿ ಕೂರುತ್ತಾರೆ. ಹೆಂಗಸೊಬ್ಬಳು ರಸ್ತೆಯ ಮೇಲೆ ಬುಟ್ಟಿ ಮಣ್ಣು ಎರಚುತ್ತಾಳೆ. ಕಾರ್ಖಾನೆಯ ಬಸ್ಸು ಅದರ ಮೇಲೆಯೇ ಹಾದುಹೋಗುತ್ತದೆ. ಜಜ್ಜಿಹೋದ ಕ್ಯಾನನ್ನು ಯಾರೋ ತೊಳೆದು, ಡೈರಿಯ ಕಟ್ಟೆಯ ಮೇಲೆ ಬೋರಲು ಹಾಕಿಡುತ್ತಾರೆ.