ಮೆದೆ ಎಲ್ಲಿ?

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮೊಮ್ಮಗನು ಗಣಕಯಂತ್ರದೆದುರು ಕುಳಿತರೆ ನಾವು ಗದರಿಸುತ್ತಿದ್ದೆವು. ಅವನು ಮೈನ್‌ಕ್ರಾಫ್ಟ್ ಎಂಬ ಆಟಕ್ಕೆ ರಾಗಿಯ ಹೊಲವೊಂದನ್ನು ಕೂಡಿಸುತ್ತಿದ್ದನು. ಆಟಗಾರರೇ ಮಾಡುವ ಇಂತಹ ಮಾರ್ಪಾಟಿಗೆ ‘ಮಾಡ್’ ಎಂದು ಹೆಸರು. ೧೯೯೯ರಲ್ಲಿ ಹಾಫ್-ಲೈಫ್ ಆಟದ ಮಾರ್ಪಾಟಾಗಿ ಹುಟ್ಟಿದ ಕೌಂಟರ್-ಸ್ಟ್ರೈಕ್, ಆಡುವವರ ಸಲಹೆಗಳಿಂದ ತಿದ್ದುಪಡಿಗೊಳ್ಳುತ್ತ ಬೆಳೆಯಿತು. ಇವನೂ ತನ್ನ ಹೊಲವನ್ನು ಅಂತರ್ಜಾಲದ ಗೆಳೆಯರ ಮುಂದಿಟ್ಟನು. ಅರಕಲಗೂಡಿನವನೊಬ್ಬನು, “ಕೊಯ್ದ ರಾಗಿ ನೇರವಾಗಿ ಕಣಕ್ಕೆ ಬಂದಿತೇಕೆ? ಮೆದೆ ಎಲ್ಲಿ?” ಎಂದನು, ಚನ್ನರಾಯಪಟ್ಟಣದವನು, “ಗುಂಡಿಲ್ಲದೆ ಒಕ್ಕುವುದೆಂತು?” ಎಂದನು.

ಹುಡುಗನು ಬಾಡಿದ ಮುಖದಿಂದ ಬಂದು, “ತಾತ, ಮೆದೆಯೆಂದರೇನು?” ಎಂದು ಕೇಳಿದನು. ನಾಲ್ವತ್ತು ವರ್ಷ ರಾಗಿ ಬೆಳೆದ ನಾವು ಅದನ್ನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ನಾಚಿದೆವು. ಅಂದು ಸಂಜೆ ಅವನ ಪಕ್ಕದಲ್ಲಿ ಕುಳಿತು, ತೆನೆ ಒಳಗಾಗುವಂತೆ ಕಂತೆಗಳನ್ನು ಒಟ್ಟಿಸಿ ಮೆದೆ ಹಾಕಿಸಿದೆವು.

ಗದರಿಸುವುದನ್ನು ಬಿಟ್ಟಿದ್ದೇವೆ, ತಪ್ಪು ಹುಡುಕುವ ಆ ಗೆಳೆಯರಲ್ಲಿ ಈಗ ನಾವೂ ಒಬ್ಬರು.