ರಟ್ಟಿನ ಕೀಲಿಮಣೆ

2003ರಲ್ಲಿ ನಮ್ಮ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ನಾನಾಗ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯ ಮೇಷ್ಟ್ರು. ಮಕ್ಕಳು ಇನ್ನೂರಕ್ಕೆ ಹತ್ತಿರ. ಕೊಠಡಿಗೆ ಜಾಲರಿ ಬಾಗಿಲು ಹಾಕಿಸಿದೆವು, ಚಪ್ಪಲಿ ಹೊರಗೆ ಬಿಡಿಸಿದೆವು, ಬೀಗದ ಕೈ ಮುಖ್ಯೋಪಾಧ್ಯಾಯರ ಬೀರು ಸೇರಿತು. ಹಗಲು ಕರೆಂಟು ಇರುವುದೇ ಅಷ್ಟಕ್ಕಷ್ಟೆ. ಬಂದ ಹೊತ್ತಿಗೆ ಯಾವ ಪಾಠ ನಡೆಯುತ್ತಿದ್ದರೂ ಬಿಟ್ಟು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ.

ಒಂದು ಕಂಪ್ಯೂಟರಿಗೆ ಎಂಟು ಮಕ್ಕಳು. ಮೌಸ್ ಹಿಡಿಯುವವರು ಯಾವಾಗಲೂ ಗಂಡುಹುಡುಗರೇ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡುವವರು. ಮೂರನೇ ವಾರಕ್ಕೆ ನಿಯಮ ಮಾಡಿದೆ: ಮೊದಲ ಸರದಿ ಹುಡುಗಿಯರದು. ಮೌಸಿನ ಹೊಟ್ಟೆಯೊಳಗಿನ ಗುಂಡಿಗೆ ಧೂಳು ಮೆತ್ತಿಕೊಂಡು ಬಾಣದ ಗುರುತು ಅಲ್ಲಲ್ಲೇ ನಿಲ್ಲುತ್ತಿತ್ತು. ಮುಚ್ಚಳ ತಿರುಗಿಸಿ, ಒಳಗಿನ ಉರುಳೆಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆದು ಸರಿಮಾಡುವುದನ್ನು ಆ ಹುಡುಗಿಯರೇ ಕಲಿತರು.

ಟೈಪಿಂಗ್ ಕಲಿಸಲು ನಾಲ್ಕು ಕೀಲಿಮಣೆ ಎಲ್ಲಿ ಸಾಕಾದೀತು? ಚಪ್ಪಲಿ ಪೆಟ್ಟಿಗೆಯ ರಟ್ಟು ಕತ್ತರಿಸಿ ಅದರ ಮೇಲೆ ಕೀಲಿಗಳನ್ನು ಬರೆಸಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ನಮ್ಮಲ್ಲಿತ್ತು. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸದಲ್ಲಿ ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರುತ್ತದೆ. 'ಅಕ್ಕ' ಬರೆಯಲು ಮೊದಲು ಅ, ಆಮೇಲೆ ಕ, ನಂತರ ಒತ್ತಿಗಾಗಿ ಎಫ್ ಕೀಲಿ, ಮತ್ತೆ ಕ. ರಟ್ಟಿನ ಮೇಲೆ ಬೆರಳಿಟ್ಟು ಮಕ್ಕಳು ಇದನ್ನು ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಿದ್ದರು. ಅಲ್ಲಿಯವರೆಗೆ ಒತ್ತಕ್ಷರವನ್ನು ಚಿತ್ರದ ಹಾಗೆ ನಕಲು ಮಾಡುತ್ತಿದ್ದ ಒಬ್ಬ ಹುಡುಗಿ ಒಂದು ದಿನ ಎದ್ದು ನಿಂತು, "ಸಾ, ಒತ್ತಕ್ಷರ ಅಂದ್ರೆ ಎರಡು ಅಕ್ಷರ ಕೂಡೋದು" ಅಂದಳು. ನಾನು ಎರಡು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಆಗ ಅವಳಿಗೆ ಹತ್ತಿತ್ತು. ಕಂಪ್ಯೂಟರಿನಿಂದ ಶಾಲೆಗೆ ಏನು ಲಾಭವಾಯಿತು ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಆಮೇಲೆ ಎಜುಸ್ಯಾಟ್ ಬಂತು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಹಾರಿಸಿದ ಆ ಉಪಗ್ರಹದ ಪಾಠಗಳಿಗೆ ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಆರಿಸಿದ್ದರು. ಮಾಳಿಗೆಯ ಮೇಲೆ ಡಿಶ್, ಕೆಳಗೆ ಟಿವಿ. ಪಾಠಗಳು ಚೆನ್ನಾಗಿದ್ದವು. ಆದರೆ ಅಲ್ಲಿ ಮಕ್ಕಳ ಕೈಗೆ ಕೆಲಸವಿರಲಿಲ್ಲ.

ಮೂರು ವರ್ಷದಲ್ಲಿ ಕಂಪ್ಯೂಟರ್‌ಗಳು ಒಂದೊಂದಾಗಿ ಕೆಟ್ಟವು. ಮೊದಲು ಯುಪಿಎಸ್ ಬ್ಯಾಟರಿ ಹೋಯಿತು. ರಿಪೇರಿಗೆ ಪತ್ರ ಬರೆದೆವು, ಮತ್ತೆ ಬರೆದೆವು, ಯಾರೂ ಬರಲಿಲ್ಲ. ಕೊಡುವವರು ಯಂತ್ರಕ್ಕೆ ದುಡ್ಡಿಟ್ಟಿದ್ದರು, ಅದನ್ನು ನಡೆಸಿಕೊಂಡು ಹೋಗಲು ಇಟ್ಟಿರಲಿಲ್ಲ. ಆ ತಪ್ಪನ್ನು ನಾನು ಈಗಲೂ ಮನ್ನಿಸಲಾರೆ. ಮಕ್ಕಳ ಕಲಿಕೆ ಅರ್ಧಕ್ಕೇ ನಿಂತಿತು.

ಈಗ ನಾನು ನಿವೃತ್ತ. ಮನೆಮನೆಯಲ್ಲೂ ಫೋನಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಫೋನು ತರಗತಿಯೂ ಆಯಿತು, ಅಪ್ಪ ಕೂಲಿಗೆ ಹೋಗುವಾಗ ಜೇಬಿನಲ್ಲಿ ಒಯ್ದರೆ ಆ ದಿನದ ತರಗತಿಯೂ ಅವನ ಜೊತೆಗೇ ಹೋಗುತ್ತಿತ್ತು. ಇವತ್ತಿನ ಮೂರನೇ ತರಗತಿಯ ಮಗು ಮೈಕ್ ಒತ್ತಿ ಮಾತಾಡಿ ಬೇಕಾದ ವಿಡಿಯೋ ಹುಡುಕುತ್ತದೆ. ಅಕ್ಷರವೇ ಬೇಡ.

ಹೋದ ವರ್ಷ ಊರಿನ ಗ್ರಂಥಾಲಯದಲ್ಲಿ ಆರನೇ ತರಗತಿಯ ಐದು ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ನಿಮ್ಮ ಮನೆಯ ಬಗ್ಗೆ ಐದು ಸಾಲು ಬರೆದು ಸೇವ್ ಮಾಡಿ ಅಂದೆ. ಬರೆಯಲು ಒಂದು ಗಂಟೆ ಹಿಡಿಯಿತು. ಸೇವ್ ಮಾಡಿದ್ದು ಎಲ್ಲಿ ಹೋಯಿತೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಒಬ್ಬ ಹುಡುಗ 'ಸೂರ್ಯ' ಎಂದು ಬರೆಯಲು ಯ ಒತ್ತಿ ಅರ್ಕಾವೊತ್ತು ಹುಡುಕುತ್ತಿದ್ದ. ಬಾಯಲ್ಲಿ ಯಾವುದು ಮೊದಲು ಬರುತ್ತದೆ ಹೇಳು ಅಂದೆ. ಎರಡು ಸಲ ಹೇಳಿಕೊಂಡು, ರ ಒತ್ತಿ, ಎಫ್ ಒತ್ತಿ, ಯ ಒತ್ತಿದ. ಪರದೆಯ ಮೇಲೆ ಅಕ್ಷರ ಕೂಡಿಕೊಂಡಾಗ ಅವನ ಮುಖದಲ್ಲಿ ಕಂಡದ್ದು ಇಪ್ಪತ್ತು ವರ್ಷದ ಹಿಂದೆ ಆ ಹುಡುಗಿಯ ಮುಖದಲ್ಲಿ ಕಂಡದ್ದೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯ ಹಂತದಿಂದ ಕೋಡಿಂಗ್ ಕಲಿಸಬೇಕೆನ್ನುತ್ತದೆ. ಕಲಿಸಲಿ. ಆದರೆ ತನ್ನ ಭಾಷೆಯಲ್ಲಿ ಐದು ಸಾಲು ಬರೆದು ಎತ್ತಿಟ್ಟುಕೊಳ್ಳಲು ಬಾರದ ಮಗುವಿಗೆ ಅದು ಗಿಳಿಪಾಠವಾಗುತ್ತದೆ.

ಮೇಷ್ಟ್ರುಗಳಿಗೆ, ಪೋಷಕರಿಗೆ ನನ್ನ ಕೋರಿಕೆ ಇಷ್ಟೆ: ನಾಲ್ಕನೇ ತರಗತಿಯಿಂದಲೇ ವಾರಕ್ಕೆ ಎರಡು ಅವಧಿ ಕನ್ನಡ ಟೈಪಿಂಗ್ ಮಾಡಿಸಿ. ಕಂಪ್ಯೂಟರ್ ಬರುವವರೆಗೆ ಕಾಯಬೇಡಿ. ಒಂದು ರಟ್ಟು ಕತ್ತರಿಸಿ, ನಾಳೆಯೇ ಶುರು ಮಾಡಿ.