ಬೂದಿಹಾಳದ ದನಗಾಹಿಗಳು

ರಾಶಿ ಮುಗಿದ ಮೇಲೆ ನಮ್ಮ ಸುರಪುರ ಸೀಮೆಯ ಹೊಲಗಳಲ್ಲಿ ಕುರಿ ತರುಬುತ್ತಾರೆ. ನಾನಾಗ ಹೈಸ್ಕೂಲು ಹುಡುಗ. ರಾತ್ರಿ ಜಾಲಿಕಟ್ಟಿಗೆ ಬೆಂಕಿಯ ಸುತ್ತ ಕುರುಬರ ಜೊತೆ ಕುಂತಿದ್ದಾಗ ಮಗ್ಗುಲ ಊರಾದ ಬೂದಿಹಾಳದ ಬೂದಿ ದಿಬ್ಬದ ಮಾತು ಬಂತು. ಅವರಲ್ಲೊಬ್ಬ ಮುದುಕನನ್ನು ಕೇಳಿದೆ:

"ಮುತ್ಯಾ, ಅಷ್ಟು ಬೂದಿ ಯಾರು ಸುಟ್ಟಾರ? ರಾಕ್ಷಸರೇನು?"

"ಯಾ ರಾಕ್ಷಸರೋ ತಮ್ಮಾ! ನಮ್ಮಂಥವರದೇ ದೊಡ್ಡಿ ಇದ್ದಿರಬೇಕು. ಉಣ್ಣಿ ಹೆಚ್ಚಾತು, ರೋಗ ಬಂತು ಅಂದ್ರ ಸಗಣಿಗೆ ಬೆಂಕಿ ಹಚ್ಚಿ ಮುಂದ ಹೋಗ್ತಾರ. ಹತ್ತಾರು ವರ್ಷ ಹಂಗ ಸುಟ್ರ ಗುಡ್ಡಾ ಆಗದೇನು?"

ಅಕ್ಷರ ಕಲಿಯದ ಮುತ್ಯಾ ಒಂದೇ ಉಸಿರಿಗೆ ಹೇಳಿದ್ದನ್ನು ಒಪ್ಪಲು ವಿದ್ವಾಂಸರಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಹಂಪಿ ಹತ್ತಿರದ ನಿಂಬಾಪುರದ ಬೂದಿಯನ್ನು ಜನ ವಾಲಿಯ ಚಿತೆ ಎಂದು ನಂಬಿದ್ದರು. ಕೆಲವು ಪಂಡಿತರು ಇಂಥ ದಿಬ್ಬಗಳನ್ನು ಜ್ವಾಲಾಮುಖಿ ಎಂದರು, ಕೆಲವರು ಲೋಹ ಕರಗಿಸಿದ ಕಿಟ್ಟ ಎಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಸಗಣಿಯೆಂದೇ ಹಟ ಹಿಡಿದರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಗೂಟ ನೆಟ್ಟ ಕುಳಿಗಳು ಸಿಕ್ಕವು, ದನದ ಗೊರಸಿನ ಗುರುತೂ ಸಿಕ್ಕಿತು.

ನಮ್ಮ ಬೂದಿಹಾಳವನ್ನು ಅಗೆದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ, 1990ರ ದಶಕದಲ್ಲಿ. ಸುಮಾರು 4,000 ವರ್ಷ ಹಿಂದಿನ ಇಡೀ ಬದುಕು ಅಲ್ಲಿ ಎದ್ದು ಬಂತು: ಬೂದಿಯ ಮಗ್ಗುಲಲ್ಲೇ ಮನೆಗಳು, ಚಕಮಕಿ ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ, ದನ ಕೊಯ್ಯುತ್ತಿದ್ದ ನೆಲ, ಮಡಕೆಯೊಳಗಿಟ್ಟು ಹೂತ ಕೂಸುಗಳು. ಆ ಮಡಕೆಗಳ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ. ಕೂಸು ಕಳಕೊಂಡ ತಾಯಿ ನಮ್ಮ ಮಗ್ಗುಲ ಊರಿನವಳೇ ಅನ್ನಿಸಿತು.

ಹಾಗಾದರೆ ಇಂದಿನ ಕುರುಬರು, ಗೊಲ್ಲರು ಆ ಹಳೆಯ ದನಗಾಹಿಗಳ ವಂಶದವರೇ? ಬೂದಿ ನೋಡಿ ಕುಲ ಹೇಳಲಾಗದು. ಆದರೆ ಸಂಕ್ರಾಂತಿಗೆ ಮೈಸೂರು ಕಡೆ ದನಗಳನ್ನು ಕಿಚ್ಚು ಹಾಯಿಸುವುದಿದೆಯಲ್ಲ, ಇಂಥ ಹಬ್ಬಗಳಲ್ಲಿ ಆಲ್ಚಿನ್ ಆ ಹಳೆಯ ದೊಡ್ಡಿಗಳ ಬೆಂಕಿಯನ್ನೇ ಕಂಡರು. ರಕ್ತದ ನಂಟಿಗಿಂತ ಈ ಕಸುಬಿನ ನಂಟೇ ನನಗೆ ಗಟ್ಟಿಯಾಗಿ ಕಾಣುತ್ತದೆ.

ಹಳೆಯ ಜಾಗಗಳ ಬಗ್ಗೆ ಅಲ್ಲಿನ ಜನರ ಮಾತನ್ನೇ ಕೇಳಿದ್ದು ಬೇರೆ ಕಡೆಯೂ ಇದೆ. ಅಮೆರಿಕದ ಅರಿಜೋನಾದಲ್ಲಿ ಹೋಪಿ ಎಂಬ ಮೂಲನಿವಾಸಿ ಜನ ಪಾಳುಬಿದ್ದ ಹಳೆಯ ಊರುಗಳನ್ನು, ಒಡೆದ ಮಡಕೆ ಚೂರುಗಳನ್ನು ತಮ್ಮ ಹಿರಿಯರ ಹೆಜ್ಜೆ ಎನ್ನುತ್ತಾರೆ. ಕುಲದ ಹಿರಿಯರು ಹೇಳುವ ವಲಸೆಯ ಕತೆಗಳನ್ನು ಅಲ್ಲಿನ ಪುರಾತತ್ವಜ್ಞರು ಕೂತು ಕೇಳಿ ಬರೆದುಕೊಂಡಿದ್ದಾರೆ. ನಮ್ಮ ಹಟ್ಟಿಯ ಮುತ್ಯಾರ ಮಾತಿಗೂ ಆ ಬೆಲೆ ಸಿಗಬೇಕು.

ನಿಮ್ಮ ಹೊಲದ ಬದುವಿನಲ್ಲಿ ಬೂದಿ ದಿಬ್ಬವಿದ್ದರೆ ಗೊಬ್ಬರಕ್ಕೆಂದು ಟ್ರ್ಯಾಕ್ಟರಿಗೆ ತುಂಬಿಸಬೇಡಿ. ಮೊದಲು ಊರಿನ ಹಳೆಯ ಕುರಿಗಾಹಿಯನ್ನು ಅಲ್ಲಿಗೆ ಕರೆದೊಯ್ದು ಕೇಳಿ, ಆತ ಹೇಳಿದ್ದನ್ನು ಬರೆದಿಡಿ.